ಬೇಕು ಬೇರೆ, ಇಷ್ಟ ಬೇರೆ

ಈ ತಿಂಗಳು ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಚಟದ ಬಗ್ಗೆ. ಒಂದು ಮುದ್ದೆಯ ಬಗ್ಗೆ ಇತ್ತು, ಅದನ್ನೂ ಸೇರಿಸಿದ್ದೇನೆ. ತುಮಕೂರಿನಲ್ಲಿ ಕ್ಲಿನಿಕ್ ಇಟ್ಟು ಮೂವತ್ತೊಂದು ವರ್ಷವಾಯಿತು. ಅಷ್ಟೂ ವರ್ಷ ಕೇಳಿಸಿಕೊಂಡು ಬಂದಿರುವ ಒಂದೇ ಮಾತು ಈ ಕಾಗದಗಳಲ್ಲೂ ಇದೆ: “ಮನಸ್ಸು ಗಟ್ಟಿ ಮಾಡಿದ್ರೆ ಬಿಡಬಹುದು ಅಲ್ವಾ ಡಾಕ್ಟ್ರೇ?” ಮೊದಲ ಹತ್ತು ವರ್ಷ ನಾನೂ “ಹೌದು, ಮಾಡಿ” ಅಂತಲೇ ಹೇಳಿ ಕಳಿಸುತ್ತಿದ್ದೆ. ಅವರಲ್ಲಿ ಎಷ್ಟು ಜನ ನಾಚಿಕೊಂಡು ಮತ್ತೆ ನನ್ನ ಕಡೆ ಬರಲೇ ಇಲ್ಲವೋ.

*

ನಮ್ಮ ಯಜಮಾನರು ಹನ್ನೆರಡು ವರ್ಷದಿಂದ ಕುಡಿಯುತ್ತಾರೆ. ತೂಕ ಇಳಿಸೋ ಇಂಜೆಕ್ಷನ್ ಹಾಕಿಸಿದರೆ ಕುಡಿತಾನೂ ನಿಲ್ಲುತ್ತೆ ಅಂತ ಮೊಬೈಲಲ್ಲಿ ವಿಡಿಯೊ ಬಂತು. ನಿಜವೇ? ಅವರಿಗೆ ಗೊತ್ತಾಗದ ಹಾಗೆ ಏನಾದರೂ ಔಷಧಿ ಕೊಡಬಹುದೇ?
— ಓದುಗಿ, ಪಾವಗಡ ತಾಲ್ಲೂಕು

ಎರಡನೇ ಪ್ರಶ್ನೆಗೆ ಮೊದಲು ಉತ್ತರ. ಗೊತ್ತಾಗದ ಹಾಗೆ ಏನನ್ನೂ ಕೊಡಬೇಡಿ ತಾಯಿ. “ಸಾರಿಗೆ ಬೆರೆಸಿ, ತಾನಾಗೇ ಬಿಡ್ತಾನೆ” ಅಂತ ಮಾರುವ ಪುಡಿಗಳಲ್ಲಿ ಡೈಸಲ್ಫಿರಾಮ್ ಅನ್ನುವ ಮಾತ್ರೆಯನ್ನು ಅರೆದು ಹಾಕಿರುವುದುಂಟು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ವಾಂತಿಯಾಗುತ್ತದೆ, ಬಿಪಿ ಕುಸಿಯುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಈ ಅಪಾಯ ಇರುತ್ತದೆ. ಹೀಗೆ ಬಸ್ಸಾರಿನಲ್ಲಿ ಪುಡಿ ತಿಂದ ಒಬ್ಬ ಗಾರೆ ಕೆಲಸದವನನ್ನು ರಾತ್ರಿ ಹನ್ನೊಂದಕ್ಕೆ ಆಟೋದಲ್ಲಿ ಹೊತ್ತು ತಂದಿದ್ದರು. ಹೆಂಡತಿ ನನ್ನ ಟೇಬಲ್ ಕೆಳಗೆ ಕೂತು ಅಳುತ್ತಿದ್ದಳು. ಏನು ಕೊಟ್ಟಿದ್ದೀನಿ ಅಂತ ಅವಳಿಗೇ ಗೊತ್ತಿರಲಿಲ್ಲ. ಅದೇ ಮಾತ್ರೆಯನ್ನು ರೋಗಿ ತಿಳಿದು, ಒಪ್ಪಿ, ವೈದ್ಯರ ಕಣ್ಣಳತೆಯಲ್ಲಿ ತೆಗೆದುಕೊಂಡರೆ ಅದು ಚಿಕಿತ್ಸೆ.

ಇನ್ನು ಇಂಜೆಕ್ಷನ್. ವಿಡಿಯೊದಲ್ಲಿ ಅರ್ಧ ಸತ್ಯ ಇದೆ. ಊಟವಾದಾಗ ನಮ್ಮ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನನ್ನು ಬಿಡುತ್ತದೆ, “ಸಾಕು, ಎಲೆ ಮಡಿಸು” ಅನ್ನುವ ಸುದ್ದಿ ಅದು. ಅದನ್ನೇ ಅನುಕರಿಸುವ ಔಷಧಿಗಳಿವು. ಈ ಬಳಗದ ಮೊದಲ ಔಷಧಿ ಸಿಕ್ಕಿದ್ದು ಅಮೆರಿಕದ ಗಿಲಾ ಮಾನ್‌ಸ್ಟರ್ ಅನ್ನುವ ವಿಷದ ಹಲ್ಲಿಯ ಜೊಲ್ಲಿನಿಂದ. 2005ರಲ್ಲಿ ಸಕ್ಕರೆ ಕಾಯಿಲೆಗೆ ಒಪ್ಪಿಗೆಯಾಯಿತು. (ನಮ್ಮ ಮನೆ ಗೋಡೆಯ ಹಲ್ಲಿಯ ತಂಟೆಗೆ ಯಾರೂ ಹೋಗಬೇಡಿ.) ಆಮೇಲೆ ಬಂದ ಸೆಮಾಗ್ಲುಟೈಡ್ ಅನ್ನು 1961 ಜನಕ್ಕೆ 68 ವಾರ ಪರೀಕ್ಷಿಸಿದ ಫಲಿತಾಂಶ 2021ರಲ್ಲಿ ಬಂತು: ಔಷಧಿ ತೆಗೆದುಕೊಂಡವರ ತೂಕ ಸರಾಸರಿ ಶೇ. 15ರ ಹತ್ತಿರ ಇಳಿದಿತ್ತು. ನಿಲ್ಲಿಸಿ ಒಂದು ವರ್ಷ ನೋಡಿದರೆ ಇಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ವಾಪಸ್ಸು ಬಂದಿತ್ತು ಅನ್ನುವುದನ್ನು ವಿಡಿಯೊದವರು ಹೇಳಿರಲಾರರು.

ಇದನ್ನು ಚುಚ್ಚಿಸಿಕೊಂಡವರು ಕೆಲವರು ಒಂದು ವಿಚಿತ್ರ ಹೇಳತೊಡಗಿದರು. “ಬಾಟಲಿ ಎದುರಿಗೇ ಇದೆ, ಆದರೆ ಕೈ ಹೋಗ್ತಿಲ್ಲ.” ಅದನ್ನು ಸರಿಯಾಗಿ ಪರೀಕ್ಷಿಸಿದ ಒಂದು ಪ್ರಯೋಗ 2025ರಲ್ಲಿ ಪ್ರಕಟವಾಯಿತು. ಕುಡಿತದ ಕಾಯಿಲೆ ಇದ್ದ 48 ಜನ, 9 ವಾರ, ಸಣ್ಣ ಪ್ರಮಾಣದ ಔಷಧಿ. ಕುಡಿಯಬೇಕೆನ್ನುವ ಸೆಳೆತ ಕಡಿಮೆಯಾಯಿತು, ಕುಡಿದ ದಿನ ಕುಡಿಯುವ ಪ್ರಮಾಣ ಇಳಿಯಿತು. ಆದರೆ ಕುಡಿಯುವ ದಿನಗಳ ಸಂಖ್ಯೆ ಕಡಿಮೆಯಾಗಲಿಲ್ಲ. 48 ಜನ ಅಂದರೆ ಪಾವಗಡದ ಒಂದು ಬಸ್ಸು ತುಂಬುವಷ್ಟು ಜನ. ಭರವಸೆಯ ಸುದ್ದಿ, ಸರಿ. ಅಷ್ಟನ್ನೇ ನಂಬಿ ಒಡವೆ ಅಡವಿಡುವಂಥದ್ದಲ್ಲ. ಕುಡಿತ ಬಿಡಿಸಲು ಅಂತ ಈ ಇಂಜೆಕ್ಷನ್ನಿಗೆ ಇನ್ನೂ ಒಪ್ಪಿಗೆ ಇಲ್ಲ.

ಆದರೆ ಆ “ಕೈ ಹೋಗ್ತಿಲ್ಲ” ಅನ್ನುವ ಮಾತು ನನಗೆ ಔಷಧಿಗಿಂತ ದೊಡ್ಡದಾಗಿ ಕಾಣುತ್ತದೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರಿ ರಾಬಿನ್ಸನ್ ಇಲಿಗಳ ಮಿದುಳಿನಿಂದ ಡೋಪಮೈನ್ ಅನ್ನುವ ರಾಸಾಯನಿಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ನೋಡಿದ್ದರು. ಆ ಇಲಿಗಳು ಎದುರಿಗಿಟ್ಟ ಆಹಾರಕ್ಕೆ ಬಾಯಿ ಹಾಕದೆ ಸೊರಗುತ್ತಿದ್ದವು. ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮಾತ್ರ ಎಂದಿನಂತೆ ಚಪ್ಪರಿಸುತ್ತಿದ್ದವು. ರುಚಿ ಇತ್ತು, ಬೇಕೆನ್ನುವುದು ಇರಲಿಲ್ಲ. ಅಂದರೆ ಮಿದುಳಿನಲ್ಲಿ ‘ಇಷ್ಟ’ ಒಂದು ದಾರಿ, ‘ಬೇಕು’ ಇನ್ನೊಂದು ದಾರಿ. ಚಟದಲ್ಲಿ ನಡೆಯುವುದು ಇದರ ತಿರುಗುಮುರುಗು: ಇಷ್ಟ ಸವೆದುಹೋಗಿರುತ್ತದೆ, ಬೇಕು ಮಾತ್ರ ಬೆಳೆದಿರುತ್ತದೆ. ನಿಮ್ಮ ಯಜಮಾನರನ್ನು ಬೆಳಗ್ಗೆ ಹೊತ್ತು ಕೇಳಿ ನೋಡಿ, “ಕುಡಿದ್ರೆ ಈಗಲೂ ಖುಷಿ ಆಗುತ್ತಾ?” ಅಂತ. ಇಲ್ಲ ಅನ್ನುತ್ತಾರೆ. ಅದು ನಾಟಕವಲ್ಲ.

ಎರಡು ಮಾತು ನೆನಪಿಡಿ. ದಿನಾ ಕುಡಿಯುವವರನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು-ಮೂರು ದಿನದಲ್ಲಿ ನಡುಕ, ಫಿಟ್ಸ್, ಇಲ್ಲದ್ದು ಕಾಣುವುದು ಶುರುವಾಗಬಹುದು, ಜೀವಕ್ಕೇ ಕುತ್ತು. ಬಿಡಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ತರಹದ ಹಳೆಯ, ಪರೀಕ್ಷೆಗೊಳಗಾದ ಮಾತ್ರೆಗಳಿವೆ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿ. ಹೋಗಲು ಸಂಕೋಚವಾದರೆ ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನೀವೊಬ್ಬರೇ ಮಾಡಿದರೂ ಆಗುತ್ತದೆ.

*

ಎಂಟು ವರ್ಷದ ಮಗ ದಿನಾ ಹತ್ತು ರೂಪಾಯಿಯ ಚಿಪ್ಸ್ ಪ್ಯಾಕೆಟ್ ಇಲ್ಲದೆ ಊಟ ಮಾಡಲ್ಲ. ಇದೂ ಡ್ರಗ್ಸ್ ತರಹವೇ, ಡೋಪಮೈನ್ ಏರುತ್ತೆ ಅಂತ ಅವನ ಚಿಕ್ಕಪ್ಪ ಹೆದರಿಸುತ್ತಾರೆ.
— ಶಿಕ್ಷಕಿ, ಮಧುಗಿರಿ

ಚಿಕ್ಕಪ್ಪನವರಿಗೆ ಸ್ವಲ್ಪ ನಿಧಾನಿಸಲು ಹೇಳಿ. 2025ರಲ್ಲೇ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು 50 ಮಂದಿಗೆ ಸಕ್ಕರೆ, ಕೊಬ್ಬು ತುಂಬಿದ ಮಿಲ್ಕ್‌ಶೇಕ್ ಕುಡಿಸಿ ಮಿದುಳಿನ ಸ್ಕ್ಯಾನ್ ಮಾಡಿ ನೋಡಿದರು. ಡೋಪಮೈನ್ ಡ್ರಗ್ಸ್ ತೆಗೆದುಕೊಂಡಾಗಿನಂತೆ ಉಕ್ಕುತ್ತದೆಯೇ ಅನ್ನುವುದು ಪ್ರಶ್ನೆ. ಉಕ್ಕಲಿಲ್ಲ. ಒಬ್ಬೊಬ್ಬರಲ್ಲಿ ಒಂದೊಂದು ತರಹ, ಒಟ್ಟಾರೆ ಗುರುತಿಸುವಂಥ ಏರಿಕೆ ಇಲ್ಲ.

ಹಾಗಂತ ಪ್ಯಾಕೆಟ್ ನಿರಪರಾಧಿಯೂ ಅಲ್ಲ. ಅದೇ ಸಂಸ್ಥೆಯಲ್ಲಿ ಸಂಶೋಧಕ ಕೆವಿನ್ ಹಾಲ್ 2019ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ 20 ಜನರನ್ನು ಆಸ್ಪತ್ರೆಯಲ್ಲೇ ಇಟ್ಟುಕೊಂಡು ಎರಡು ವಾರ ಕಾರ್ಖಾನೆ ತಿಂಡಿ, ಎರಡು ವಾರ ಮನೆಯಡುಗೆಯಂಥ ಊಟ ಬಡಿಸಿದ್ದರು. ಬಡಿಸಿದ ಸಕ್ಕರೆ, ಕೊಬ್ಬು, ಉಪ್ಪು, ನಾರು ಎರಡರಲ್ಲೂ ಸರಿಸಮ, ಎಷ್ಟು ಬೇಕೋ ಅಷ್ಟು ತಿನ್ನಿ ಅಂದಿದ್ದರು. ಕಾರ್ಖಾನೆ ತಿಂಡಿಯ ವಾರಗಳಲ್ಲಿ ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು. ತಿನ್ನುವ ವೇಗವೂ ಜಾಸ್ತಿಯಿತ್ತು. ಮೆತ್ತಗೆ, ಅಗಿಯುವ ಕೆಲಸವಿಲ್ಲದೆ ಒಳಗೆ ಇಳಿದುಹೋಗುವ ತಿಂಡಿ ಕರುಳಿನ “ಸಾಕು” ಬರುವುದರೊಳಗೆ ಖಾಲಿಯಾಗಿರುತ್ತದೆ.

ನಿಮ್ಮ ಮಗನಿಗೆ ಚಟ ಅನ್ನುವ ಹಣೆಪಟ್ಟಿ ಬೇಡ. ಊಟಕ್ಕೆ ಮುಂಚೆ ಪ್ಯಾಕೆಟ್ ಕೊಡುವುದು, ಊಟ ಮಾಡಿದರೆ ಪ್ಯಾಕೆಟ್ ಅಂತ ಲಂಚ ಕೊಡುವುದು ಎರಡನ್ನೂ ನಿಲ್ಲಿಸಿ. ಮನೆಗೆ ತರುವವರು ಯಾರು ಅನ್ನುವುದನ್ನೂ ವಿಚಾರಿಸಿ. ನನಗೆ ಚಿಕ್ಕಪ್ಪನ ಮೇಲೇ ಅನುಮಾನ.

*

ಅನ್ನ ಬಿಟ್ಟು ಮೂರು ಹೊತ್ತೂ ಮುದ್ದೆ ತಿನ್ನುತ್ತಿದ್ದೇನೆ. ಶುಗರ್ ಇಳಿಯುತ್ತಿಲ್ಲ, ಏರಿದೆ. ರಾಗಿ ಒಳ್ಳೆಯದು ಅನ್ನುವುದು ಸುಳ್ಳೇ?
— ನಿವೃತ್ತ ಕಂಡಕ್ಟರ್, ಕೊರಟಗೆರೆ

ರಾಗಿ ಒಳ್ಳೆಯದೇ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಸುಮಾರು 360 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅಕ್ಕಿ ಇದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಪಿಷ್ಟ ಸೇರಿ ಕಾರ್ಬೋಹೈಡ್ರೇಟೂ 67 ಗ್ರಾಂ ಇದೆಯಲ್ಲ ಸ್ವಾಮಿ. ನುಣ್ಣಗೆ ಬೀಸಿ, ಚೆನ್ನಾಗಿ ಬೇಯಿಸಿದ ಹಿಟ್ಟು ಬೇಗ ಸಕ್ಕರೆಯಾಗುತ್ತದೆ. ಮೊಳಕೆ ಕಟ್ಟಿದ ರಾಗಿಯ ಮಾಲ್ಟ್ ಇನ್ನೂ ಬೇಗ, ಮೊಳಕೆಯೊಡೆಯುವಾಗಲೇ ಪಿಷ್ಟ ಒಂದಷ್ಟು ಒಡೆದಿರುತ್ತದೆ. ಮೇಲಾಗಿ ನಾವು ಮುದ್ದೆಯನ್ನು ಅಗಿಯುವವರಲ್ಲ, ನುಂಗುವವರು. ಮುದ್ದೆ ಯಾವ ಸೈಜಿನದು ಅಂತ ನೀವು ಬರೆದಿಲ್ಲ. ಕೊರಟಗೆರೆ ಕಡೆ ಮುದ್ದೆ ನನಗೆ ಗೊತ್ತು, ಅದರಲ್ಲಿ ಎರಡು ಮಾಡಬಹುದು. ಅರ್ಧ ಮಾಡಿ, ಉಳಿದ ಜಾಗಕ್ಕೆ ಸೊಪ್ಪು, ಹುರುಳಿಕಾಳು ಉಪ್ಸಾರು ಬರಲಿ. ಎರಡು ಗಂಟೆ ಬಿಟ್ಟು ನೀವೇ ಬೆರಳು ಚುಚ್ಚಿ ಪರೀಕ್ಷೆ ಮಾಡಿ ಬರೆದಿಟ್ಟುಕೊಳ್ಳಿ. ಮಾತ್ರೆ ಮಾತ್ರ ಬಿಡಬೇಡಿ.

*

ನಮ್ಮದು ಮೂರು ಎಕರೆ ಅಡಿಕೆ ತೋಟ. ತಾತನ ಕಾಲದಿಂದ ಎಲೆ ಅಡಿಕೆ ಹಾಕುತ್ತಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಕ್ಯಾನ್ಸರ್ ಬರುವುದು ತಂಬಾಕಿನಿಂದ, ಅಡಿಕೆಯಿಂದಲ್ಲ ತಾನೆ? ಮಗ ತಂಬಾಕಿಲ್ಲದ ಪಾನ್ ಮಸಾಲ ಮಾತ್ರ ಹಾಕುತ್ತಾನೆ, ದಿನಕ್ಕೆ ಹದಿನೈದು ಪ್ಯಾಕೆಟ್. ಈಚೆಗೆ ಸಾರು ಖಾರ ಅಂತ ತಟ್ಟೆ ತಳ್ಳುತ್ತಾನೆ.
— ರೈತರು, ಗುಬ್ಬಿ ತಾಲ್ಲೂಕು

ನಾನೂ ನಿಮ್ಮ ತಾಲ್ಲೂಕಿನವಳೇ. ಹಂಡೆಯಲ್ಲಿ ಚೊಗರು ಕುದಿಯುವ ವಾಸನೆಯಲ್ಲಿ ಬೆಳೆದವಳು, ನನ್ನ ಎಂಬಿಬಿಎಸ್ ಫೀಸು ಕಟ್ಟಿದ್ದು ಅಡಿಕೆ. ಈಗ ಬರೆಯುವುದನ್ನೇ ಒಂದು ಗೃಹಪ್ರವೇಶದ ಊಟದ ಪಂಕ್ತಿಯಲ್ಲಿ ಹೇಳಿ, ನಮ್ಮಣ್ಣ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟಿದ್ದ. “ಉಂಡ ಮನೆಗೆ ಎರಡು ಬಗೀತಿದ್ದೀಯ” ಅಂದಿದ್ದ. ಆದರೂ ಬರೆಯುತ್ತೇನೆ.

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ತಂಬಾಕು ಸೇರದ ಎಲೆ ಅಡಿಕೆಯನ್ನೂ, ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಇಲ್ಲಿ ಒಂದು ವಿಷಯ ತಿಳಿದುಕೊಳ್ಳಬೇಕು. ಮೊದಲ ಗುಂಪು ಅಂದರೆ ಪುರಾವೆ ಗಟ್ಟಿ ಅಂತ ಅರ್ಥ, ಎಲ್ಲವೂ ಸಮಾನ ಅಪಾಯ ಅಂತಲ್ಲ. ಬಿಸಿಲೂ ಆ ಗುಂಪಿನಲ್ಲಿದೆ. ಹಬ್ಬದ ಊಟದ ಮೇಲೆ ಒಂದು ವೀಳ್ಯ ಹಾಕಿದ ನಿಮ್ಮ ತಾತನಿಗೂ ದಿನಕ್ಕೆ ಹದಿನೈದು ಪ್ಯಾಕೆಟ್ ಹಾಕುವ ಮಗನಿಗೂ ತುಂಬಾ ವ್ಯತ್ಯಾಸ. ಅದೇ ವಿಭಾಗ 2024ರಲ್ಲಿ ಕೊಟ್ಟ ಅಂದಾಜಿನಂತೆ, 2022ರೊಂದರಲ್ಲೇ ನಮ್ಮ ದೇಶದಲ್ಲಿ ಹೊಗೆಯಿಲ್ಲದ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿ ಕ್ಯಾನ್ಸರ್ ಸುಮಾರು 83,400. ಅದರಲ್ಲಿ ಎರಡರ ಪಾಲೂ ಸೇರಿದೆ. ಯಾಕೆಂದರೆ ಜನ ಎರಡನ್ನೂ ಒಟ್ಟಿಗೇ ಹಾಕುತ್ತಾರೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೆ ಅಂಗಡಿಯಲ್ಲಿ ಮಸಾಲದ್ದೊಂದು, ತಂಬಾಕಿನದ್ದೊಂದು ಎರಡು ಪ್ಯಾಕೆಟ್ ಆಯಿತು, ಅಷ್ಟೇ.

“ಅಡಿಕೆ ಚಟವಲ್ಲ, ಅಭ್ಯಾಸ” ಅನ್ನುತ್ತಾರಲ್ಲ, ಅದೂ ಪೂರ್ತಿ ನಿಜವಲ್ಲ. ಅಡಿಕೆಯಲ್ಲಿ ಅರೆಕೋಲಿನ್ ಅನ್ನುವ ಅಂಶ ಇದೆ. ಮೊದಲ ಸಲ ಎಳೆ ಅಡಿಕೆ ಅಗಿದಾಗ ಮೈ ಬಿಸಿಯಾಗಿ, ಬೆವತು, ತಲೆ ತಿರುಗುವುದು ಇದರಿಂದ. 2015ರಲ್ಲಿ ಫ್ಲಾರಿಡಾ ವಿಶ್ವವಿದ್ಯಾಲಯದವರು ತೋರಿಸಿದ್ದು ಏನೆಂದರೆ, ತಂಬಾಕಿನ ನಿಕೋಟಿನ್ ಮಿದುಳಿನ ಯಾವ ಬೀಗಕ್ಕೆ ಕೂರುತ್ತದೋ ಅದೇ ಬೀಗಕ್ಕೆ ಅರೆಕೋಲಿನ್ ಕೂಡ ಕೂರುತ್ತದೆ, ಅಷ್ಟು ಬಲವಾಗಿ ಕೆಲಸ ಮಾಡದಿದ್ದರೂ. ಹಾಗಾಗಿ ನಿಮ್ಮ ಮಗನಿಗೆ ಹದಿನಾರನೇ ಪ್ಯಾಕೆಟ್ ಇಷ್ಟವಾಗಬೇಕಿಲ್ಲ, ಬೇಕಾಗುತ್ತದೆ. ಬೈದರೆ ಮುಚ್ಚಿಟ್ಟು ಹಾಕುತ್ತಾನೆ.

ಇದೆಲ್ಲ ಒತ್ತಟ್ಟಿಗಿರಲಿ. ನಿಮ್ಮ ಕಾಗದದಲ್ಲಿ ನಾನು ಕೆಂಪು ಗೆರೆ ಎಳೆದದ್ದು ಕೊನೆಯ ಸಾಲಿಗೆ. ಖಾರ ತಡೆಯದಿರುವುದು ಒಂದು ಕಾಯಿಲೆಯ ಮೊದಲ ಗುರುತು. ಅಡಿಕೆಯ ರಸ ಕೆನ್ನೆಯ ಒಳಪದರದಲ್ಲಿ ನಾರು ಬೆಳೆಸುತ್ತದೆ. ಹೋದ ವರ್ಷ ಬಂದ ಒಬ್ಬ ಆಟೋ ಹುಡುಗ, ಇಪ್ಪತ್ತಾರು ವರ್ಷ, “ಮುದ್ದೆ ತುತ್ತು ಬಾಯಿಗೆ ಹೋಗ್ತಿಲ್ಲ ಮೇಡಂ” ಅಂದ. ತಮಾಷೆ ಅಂದುಕೊಂಡೆ. ಟಾರ್ಚ್ ಹಾಕಿದರೆ ಕೆನ್ನೆಯೊಳಗೆ ಗುಲಾಬಿ ಬಣ್ಣವೇ ಇಲ್ಲ, ಬೆಂದ ಮೊಟ್ಟೆಯ ಬಿಳಿಯ ಹಾಗೆ. ಕೈಗವಸು ಹಾಕಿ ಬೆರಳಾಡಿಸಿದರೆ ಒಳಗೆ ಬಾಳೆನಾರು ಎಳೆದು ಕಟ್ಟಿದಂತೆ ಪಟ್ಟಿಗಳು ಸಿಕ್ಕವು. ಅವನೂ ತಂಬಾಕಿಲ್ಲದ ಪ್ಯಾಕೆಟ್ಟೇ ಹಾಕುತ್ತಿದ್ದದ್ದು. ಈ ನಾರು ಒಮ್ಮೆ ಬಂದರೆ ಹಾಗೇ ಕರಗಿಹೋಗುವುದಿಲ್ಲ. ಇಂಥ ಬಾಯಿಯಲ್ಲಿ ಮುಂದೆ ಕ್ಯಾನ್ಸರ್ ಬರುವ ಸಂಭವ ಹೆಚ್ಚು. ಅಡಿಕೆ ನಿಲ್ಲಿಸಿದರೆ ನಾರು ಮುಂದುವರಿಯುವುದನ್ನು ತಡೆಯಬಹುದು. ಬಾಯಿ ತೆರೆಯುವ ವ್ಯಾಯಾಮ, ಇಂಜೆಕ್ಷನ್, ಕೆಲವರಿಗೆ ಶಸ್ತ್ರಚಿಕಿತ್ಸೆ ಇದೆ. ಆಟೋ ಹುಡುಗ ಈಗ ಮುದ್ದೆಯನ್ನು ಗೋಲಿಯಷ್ಟು ಮಾಡಿಕೊಂಡು ನುಂಗುತ್ತಾನೆ.

ಬಿಡಲು ಸಹಾಯಕ್ಕೆ 1800-11-2356, ದುಡ್ಡಿಲ್ಲದ ಫೋನು. ತಂಬಾಕು ಬಿಡಿಸುವವರೇ, ಅಡಿಕೆ ವಿಷಯವನ್ನೂ ಬಾಯಿಬಿಟ್ಟು ಹೇಳಲಿ. ಮೊದಲ ವಾರ ಸಿಡುಕು, ನಿದ್ದೆಗೇಡು ಇರುತ್ತದೆ, ಮನೆಯವರು ಸಹಿಸಿಕೊಳ್ಳಿ. ತೋಟ ಕಡಿಯಿರಿ ಅಂತ ನಾನು ಹೇಳುವುದಿಲ್ಲ, ಆ ನ್ಯಾಯ ನಮ್ಮಣ್ಣನ ಜೊತೆಗೇ ಇನ್ನೂ ಮುಗಿದಿಲ್ಲ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ಮಗನನ್ನು ಕನ್ನಡಿ ಮುಂದೆ ನಿಲ್ಲಿಸಿ, ಅವನದೇ ಮೂರು ಬೆರಳು ಜೋಡಿಸಿ ನೆಟ್ಟಗೆ, ಮೇಲಿನ ಹಲ್ಲು ಕೆಳಗಿನ ಹಲ್ಲಿನ ನಡುವೆ ಇಡಲು ಹೇಳಿ. ಮೂರೂ ಹೋದರೂ ಖಾರದ ಉರಿ ಇದೆಯಲ್ಲ, ಈ ವಾರವೇ ದಂತವೈದ್ಯರಿಗೆ ತೋರಿಸಿ. ಎರಡೇ ಹೋದರೆ ನನಗೆ ಇನ್ನೊಂದು ಕಾಗದ ಬರೆಯುತ್ತಾ ಕೂರಬೇಡಿ, ನಾಳೆ ಬೆಳಗಿನ ಬಸ್ಸಿಗೇ ಕರೆದುಕೊಂಡು ಹೊರಡಿ.