ಹಳೆಯ ಮೆಶ್ ರೂಟರ್ ಮಹಡಿಯ ಕೋಣೆಗೆ ಉಪಯೋಗಕ್ಕೆ ಬರುತ್ತದೆಯೇ?

ಬರುತ್ತದೆ, ಕೆಳಗಿನಿಂದ ಮೇಲಕ್ಕೆ ಒಂದು ಲ್ಯಾನ್ ಕೇಬಲ್ ಎಳೆಸುವ ಮನಸ್ಸಿದ್ದರೆ. ಹುಬ್ಬಳ್ಳಿಯ ನಿಮ್ಮ ಮನೆಗೆ ಬೇರೆ ಕಂಪನಿಯ ಹೊಸ ರೂಟರ್ ಬಂದಿದೆ, ಆದರೂ ಮಹಡಿಗೆ ಸಿಗ್ನಲ್ ಮುಟ್ಟುತ್ತಿಲ್ಲ. ಕಪಾಟಿನಲ್ಲಿರುವ ಹಳೆಯ ಮೆಶ್ ರೂಟರನ್ನು, ಅಂದರೆ ಹಲವು ಪೆಟ್ಟಿಗೆಗಳು ಸೇರಿ ಮನೆಯೆಲ್ಲ ಒಂದೇ ವೈಫೈ ಹರಡುವ ಟಿಪಿ-ಲಿಂಕ್ ಕಂಪನಿಯ ಡೆಕೊವನ್ನು, ವೈರ್ ಇಲ್ಲದೆ ಜೋಡಿಸಬಹುದೇ ಎಂದು ಕೇಳಿದ್ದೀರಿ. ಒಂದು ಕಂಪನಿಯ ಮೆಶ್ ಇನ್ನೊಂದು ಕಂಪನಿಯ ರೂಟರಿನೊಂದಿಗೆ ವೈರ್ ಇಲ್ಲದೆ ಸಾಮಾನ್ಯವಾಗಿ ಸೇರುವುದಿಲ್ಲ. ಸೇರಿದರೂ, ಬರುವ ಮತ್ತು ಹೋಗುವ ಮಾತನ್ನು ಒಂದೇ ರೇಡಿಯೊ ಆಡಬೇಕಾಗಿ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ.

ನಮ್ಮದು ಧಾರವಾಡದ ಮಾಳಮಡ್ಡಿಯ ಹಳೆಯ ಮನೆ. ಕಲ್ಲು-ಮಣ್ಣಿನ ಗೋಡೆ, ಒಂದೂವರೆ ಅಡಿ ದಪ್ಪ. ಬೇಸಿಗೆಯಲ್ಲಿ ತಂಪು, ವೈಫೈಗೆ ಮಾತ್ರ ಶತ್ರು. ಪಡಸಾಲೆಯ ರೂಟರಿನಿಂದ ಮೇಲಿನ ಕೋಣೆಗೆ ಕೇಬಲ್ ಎಳೆಸಿ, ಹಳೆಯ ಡೆಕೊಗೆ ಚುಚ್ಚಿ, ಗೆದ್ದೆ ಎಂದುಕೊಂಡೆ. ಮರುದಿನ ಕೆಳಗಿನಿಂದ ಮಾವನವರು ಕೂಗಿದರು: ಪ್ರಿಂಟರ್ ಸತ್ತಿದೆ! ಪ್ರಿಂಟರ್ ಇದ್ದದ್ದು ಮೇಲೆ. ರಿಪೇರಿಯವನು ಬಂದು, ಯಂತ್ರ ಸರಿಯಾಗಿದೆ ಎಂದು ಹೇಳಿ, ಮುನ್ನೂರು ರೂಪಾಯಿ ತೆಗೆದುಕೊಂಡು ಹೋದ.

ತಪ್ಪು ನನ್ನದೇ. ಡೆಕೊ ಇನ್ನೂ ರೂಟರ್ ಮೋಡಿನಲ್ಲಿತ್ತು. ಹಾಗಿದ್ದಾಗ ಅದು ಪ್ರತಿ ಸಾಧನಕ್ಕೂ ಬೇಕಾದ ಐಪಿ ವಿಳಾಸಗಳನ್ನು (ನೆಟ್‌ವರ್ಕಿನೊಳಗಿನ ಮನೆ ನಂಬರ್ ಇದ್ದಂತೆ) ತಾನೇ ಹಂಚುತ್ತ ಬೇರೊಂದು ನೆಟ್‌ವರ್ಕ್ ಕಟ್ಟಿಕೊಳ್ಳುತ್ತದೆ; ಅಣ್ಣತಮ್ಮಂದಿರು ಒಂದೇ ಸೂರಿನಡಿ ಬೇರೆ ಬೇರೆ ಒಲೆ ಹೂಡಿದಂತೆ. ಇಂಟರ್‌ನೆಟ್ ಎರಡೂ ಕಡೆ ಬರುತ್ತದೆ, ಆದರೆ ಕೆಳಗಿನ ಮೊಬೈಲಿಗೆ ಮೇಲಿನ ಪ್ರಿಂಟರ್ ಕಾಣುವುದಿಲ್ಲ. ಡೆಕೊ ಆ್ಯಪ್‌ನಲ್ಲಿ ಆಪರೇಷನ್ ಮೋಡ್ ಹುಡುಕಿ ಆಕ್ಸೆಸ್ ಪಾಯಿಂಟ್ (ಬರೀ ವೈಫೈ ಹರಡುವ ಮೋಡ್) ಆರಿಸಿದ ಮೇಲೆ ವಿಳಾಸ ಹಂಚುವ ಕೆಲಸ ಪಡಸಾಲೆಯ ರೂಟರಿಗೇ ಉಳಿಯಿತು, ಪ್ರಿಂಟರ್ ಎದ್ದು ಕುಳಿತಿತು. ಹಳೆಯ ಸೆಟ್ಟಿಂಗ್ ಉಳಿದಿದ್ದರೆ ಮೊದಲು ರೀಸೆಟ್ ಮಾಡಿ, ಕೇಬಲ್ ಜೋಡಿಸಿಯೇ ಹೊಸದಾಗಿ ಆರಂಭಿಸಿ. ಬೇರೆ ಕೆಲವು ಕಂಪನಿಗಳ ಮೆಶ್ ಸೆಟ್ಟಿನಲ್ಲಿ ಉಪಘಟಕಗಳು ಮುಖ್ಯ ಘಟಕವಿಲ್ಲದೆ ಏಳುವುದೇ ಇಲ್ಲ. ನಿಮ್ಮದು ಡೆಕೊ ಆದದ್ದು ಅದೃಷ್ಟ.

ಹೊಸ ರೂಟರ್, ಡೆಕೊ ಎರಡರ ವೈಫೈಗೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಡಿ, ಮೊಬೈಲ್ ತಾನೇ ಬದಲಿಸಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗ ವಿಡಿಯೊ ಕರೆ ಒಂದು ಕ್ಷಣ ತಡವರಿಸಬಹುದು. ಅದನ್ನು ಸಹಿಸಿಕೊಳ್ಳಿ.

ಕೇಬಲ್ ವಿಷಯದಲ್ಲಿ ಜಿಪುಣತನ ಬೇಡ. ಕ್ಯಾಟ್ 6 ದರ್ಜೆಯ ಲ್ಯಾನ್ ಕೇಬಲ್ ತನ್ನಿ. 100 ಮೀಟರ್‌ವರೆಗೆ ಚಿಂತೆಯಿಲ್ಲ. ಒಳಗಿನ ಎಂಟೂ ತಂತಿಗಳು ಸರಿಯಾಗಿ ಕೂರದಿದ್ದರೆ ವೇಗ ಗಿಗಾಬಿಟ್ (1000 ಎಂಬಿಪಿಎಸ್) ಬದಲು 100 ಎಂಬಿಪಿಎಸ್‌ಗೆ ನಿಲ್ಲುತ್ತದೆ, ಆದ್ದರಿಂದ ತುದಿಗೆ ಕನೆಕ್ಟರ್ ಒತ್ತಿ ಕೂರಿಸಿದವರು ಹೊರಡುವ ಮುನ್ನವೇ ವೇಗ ಪರೀಕ್ಷಿಸಿ. ಡೆಕೊ ಎಂ4 ಮಾದರಿಯಲ್ಲಿ ಗಿಗಾಬಿಟ್ ಪೋರ್ಟ್‌ಗಳಿವೆ, ಇ4ರಲ್ಲಿ ಇರುವುದೇ 100ರವು. ಇಂಟರ್‌ನೆಟ್ ಪ್ಲಾನ್ 100ರದ್ದಾದರೆ ಯಾವುದಾದರೂ ಸಾಕು.

ಕೇಬಲನ್ನು ಮಾತ್ರ ಹೊರಗೋಡೆಯ ಮೇಲೆ ಹಾಯಿಸಬೇಡಿ. ನಮ್ಮ ಕಡೆ ಏಪ್ರಿಲ್-ಮೇ ಸಂಜೆಗಳ ಗುಡುಗು-ಸಿಡಿಲು ನಿಮಗೂ ಗೊತ್ತು. ಹತ್ತಿರ ಸಿಡಿಲು ಬಡಿದರೆ ಹೊರಗಿನ ತಾಮ್ರದ ತಂತಿಯ ಮೂಲಕ ಎರಡೂ ತುದಿಯ ಪೋರ್ಟ್ ಸುಡಬಹುದು. ನಾನು ಮನೆಯೊಳಗೆ ಮೆಟ್ಟಿಲ ಪಕ್ಕದಲ್ಲೇ ಕೇಬಲಿಗೆ ಪಟ್ಟಿ ಹೊಡೆಸಿದ್ದೇನೆ. ನೋಡಲು ಅಂದವಿಲ್ಲವೆಂದು ಮನೆಯಲ್ಲಿ ಇನ್ನೂ ಬೈಯುತ್ತಾರೆ.