ಎಪ್ಪತ್ತೆರಡು ಟೆಸ್ಟ್ ಯಾರಿಗೆ ಬೇಕು?

ಪ್ರಶ್ನೆ: ಬೆಂಗಳೂರಿನಲ್ಲಿರುವ ನನ್ನ ಮೈದುನ ಫೋನಿನಲ್ಲಿ ‘ಫುಲ್ ಬಾಡಿ ಚೆಕಪ್’ ಜಾಹೀರಾತು ನೋಡಿ, ಮನೆಯ ನಾಲ್ವರಿಗೂ ಬುಕ್ ಮಾಡುತ್ತೇನೆ ಅಂತಿದ್ದಾನೆ. 72 ಟೆಸ್ಟ್ ಇದೆಯಂತೆ. ಅತ್ತೆಗೆ 69, ಯಜಮಾನರಿಗೆ 49, ನನಗೆ 43, ಮಗಳಿಗೆ 13. ಯಜಮಾನರು ದಿನಾ ಕವಳ (ಎಲೆ ಅಡಿಕೆ) ಹಾಕುತ್ತಾರೆ. ಚೆಕಪ್ ಅಂದರೆ ‘ನನಗೇನಾಗಿದೆ, ಅಡಿಕೆ ಕೊನೆ ಕೊಯ್ಲು ಮುಗೀಲಿ ನೋಡೋಣ’ ಅಂತಾರೆ. ನಮಗೆ ನಿಜವಾಗಿ ಯಾವ ಪರೀಕ್ಷೆ ಬೇಕು?
— ಗೃಹಿಣಿ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೈದುನನ ಕಾಳಜಿ ದೊಡ್ಡದು, ಅದಕ್ಕೆ ಬೇಜಾರು ಮಾಡಬೇಡಿ. ಆದರೆ ಬುಕ್ ಮಾಡುವುದನ್ನು ಸ್ವಲ್ಪ ತಡೆಯಲು ಹೇಳಿ.

ಆ 72ರ ಲೆಕ್ಕ ಮೊದಲು ನೋಡೋಣ. ರಕ್ತಕಣಗಳ ಒಂದೇ ಪರೀಕ್ಷೆಯಲ್ಲಿ ಇಪ್ಪತ್ತರ ಆಸುಪಾಸು ಅಂಕಿಗಳು ಬರುತ್ತವೆ. ಲಿವರ್‌ನದ್ದು ಹತ್ತು, ಕಿಡ್ನಿಯದ್ದು ಇನ್ನಷ್ಟು. ಒಂದೊಂದು ಅಂಕಿಯನ್ನೂ ಒಂದೊಂದು ಟೆಸ್ಟ್ ಅಂತ ಎಣಿಸಿದರೆ 72 ಆಗುವುದು ಕಷ್ಟವೇನಲ್ಲ. ಇನ್ನೊಂದು ತೊಡಕಿದೆ. ಲ್ಯಾಬ್ ವರದಿಯಲ್ಲಿ ‘ನಾರ್ಮಲ್’ ಅಂತ ಹಾಕುವ ಮಿತಿಯನ್ನು ಸಾಮಾನ್ಯವಾಗಿ ಗಟ್ಟಿಮುಟ್ಟಾದ ನೂರು ಜನರಲ್ಲಿ 95 ಜನ ಒಳಗೆ ಬರುವ ಹಾಗೆ ಗೊತ್ತು ಮಾಡಿರುತ್ತಾರೆ. ಅಂದರೆ ಏನೂ ತೊಂದರೆ ಇಲ್ಲದವರಿಗೂ 72ರಲ್ಲಿ ಸರಾಸರಿ ಮೂರು ನಾಲ್ಕು ಅಂಕಿ ಮಿತಿ ದಾಟಿ ದಪ್ಪ ಅಕ್ಷರದಲ್ಲಿ ಬರಬಹುದು. ಆಮೇಲೆ ಅದರ ಹಿಂದೆ ಇನ್ನೊಂದು ಟೆಸ್ಟ್, ಸ್ಕ್ಯಾನ್, ಶಿವಮೊಗ್ಗಕ್ಕೆ ಎರಡು ಓಡಾಟ, ರಾತ್ರಿ ನಿದ್ದೆ ಇಲ್ಲ.

ಇಷ್ಟೆಲ್ಲ ಇದ್ದೂ ನಿಮ್ಮ ಮನೆಗೆ ಬೇಕಾದದ್ದೇ ಆ ಪ್ಯಾಕೇಜಿನಲ್ಲಿ ಇರುವುದಿಲ್ಲ. ಮನೆಗೆ ಬಂದು ರಕ್ತ ತೆಗೆದುಕೊಂಡು ಹೋಗುವವರು ಬಾಯಿ ತೆಗೆಸಿ ನೋಡುವುದಿಲ್ಲ. ಎಷ್ಟೋ ಸಲ ಬಿಪಿಯನ್ನೂ ನೋಡುವುದಿಲ್ಲ.

ಯಜಮಾನರಿಂದ ಶುರು ಮಾಡೋಣ, ನನಗೆ ಜಾಸ್ತಿ ಚಿಂತೆ ಇರುವುದು ಅವರದ್ದೇ. ಅವರಿಗೆ ಮೊದಲು ಆಗಬೇಕಾದದ್ದು ಬಾಯಿಯ ಪರೀಕ್ಷೆ. ‘ನಾನು ಹೊಗೆಸೊಪ್ಪು ಹಾಕಲ್ಲ, ಬರೀ ಎಲೆ ಅಡಿಕೆ’ ಅನ್ನುವವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ತೋಟದ ಆದಾಯದಲ್ಲೇ ಬದುಕುವ ಊರಲ್ಲಿ ಹೇಳಲು ಕಷ್ಟದ ಮಾತು, ಆದರೂ ಹೇಳಬೇಕು: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು, ಹೊಗೆಸೊಪ್ಪು ಸೇರದಿದ್ದರೂ, ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಹೊಗೆಸೊಪ್ಪು ಸೇರಿದರೆ ಅಪಾಯ ಇನ್ನೂ ಹೆಚ್ಚು.

ಮನೆಯಲ್ಲೇ ಒಂದು ನೋಡಿಕೊಳ್ಳಬಹುದು. ಬಾಯಿ ಪೂರ್ತಿ ತೆರೆದಾಗ ಅವರ ಮೂರು ಬೆರಳು ಒಂದರ ಮೇಲೊಂದು ಇಟ್ಟು ಒಳಗೆ ಹೋಗುತ್ತವಾ? ಹೋಗದಿದ್ದರೆ ಕೆನ್ನೆಯ ಒಳಪದರ ಗಟ್ಟಿಯಾಗುತ್ತಿರಬಹುದು. ಸಾರಿನ ಖಾರ ತಾಗಿದರೆ ಉರಿ, ಒಳಗೆ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಇದರಲ್ಲಿ ಒಂದು ಕಂಡರೂ ಕೊಯ್ಲು ಮುಗಿಯುವವರೆಗೆ ಕಾಯಬೇಡಿ. ಏನೂ ಕಾಣದಿದ್ದರೂ ಕವಳ ಹಾಕುವವರು ವರ್ಷಕ್ಕೊಮ್ಮೆ ಹಲ್ಲಿನ ಡಾಕ್ಟರಿಗೆ ಬಾಯಿ ತೋರಿಸಬೇಕು. ಐದು ನಿಮಿಷದ ಕೆಲಸ. ಕ್ಯಾನ್ಸರ್ ಆಗುವ ಮುಂಚಿನ ಹಂತದಲ್ಲೇ ಸಿಕ್ಕಿಬೀಳುವ ಕಾಯಿಲೆ ಇದು. ಕವಳ ಬಿಡುವ ಮಾತನ್ನು ಅಲ್ಲೇ ಡಾಕ್ಟರ ಬಾಯಿಂದಲೇ ಹೇಳಿಸಿ, ಮನೆಯವರು ಹೇಳಿದರೆ ಜಗಳ ಆಗುತ್ತದೆ.

ಇದರ ಜೊತೆ ಬಿಪಿ, ಶುಗರ್, ಕೊಲೆಸ್ಟ್ರಾಲ್, ಸೊಂಟದ ಅಳತೆ. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಿದರೆ ಎಚ್ಚರಿಕೆ. ತೋಟದಲ್ಲಿ ಮೈಮುರಿದು ದುಡಿಯುವವರಿಗೆ ಬಿಪಿ ಬರುವುದಿಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅದು ಸುಳ್ಳು. ಬಿಪಿ ಬಂದರೂ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ಈಗ ನಿಮ್ಮ ವಿಷಯ. ಮನೆಯವರ ಪಟ್ಟಿಯೆಲ್ಲ ಬರೆದ ನೀವು ನಿಮ್ಮ ಬಗ್ಗೆ ವಯಸ್ಸೊಂದನ್ನು ಬಿಟ್ಟು ಏನೂ ಬರೆದಿಲ್ಲ! ನಿಮಗೆ ಮುಖ್ಯವಾಗಿ ಬೇಕಾದದ್ದು ಗರ್ಭಕಂಠದ ಕ್ಯಾನ್ಸರ್ ತಪಾಸಣೆ. 30ರಿಂದ 65 ವರ್ಷದ ಎಲ್ಲ ಹೆಂಗಸರಿಗೂ ಐದು ವರ್ಷಕ್ಕೊಮ್ಮೆ ಇದು ಆಗಬೇಕು. ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ, ಒಂದು ನಿಮಿಷ ಕಾದು, ಬೆಳ್ಳಗಾಗುತ್ತದಾ ಅಂತ ನೋಡುತ್ತಾರೆ. ನೋವು ಇಲ್ಲವೇ ಇಲ್ಲ ಅನ್ನಬಹುದು. ಅನುಕೂಲ ಇದ್ದರೆ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಟೆಸ್ಟ್ ಇನ್ನೂ ಒಳ್ಳೆಯದು. ಸ್ತನವನ್ನು ನರ್ಸ್ ಅಥವಾ ಡಾಕ್ಟರ್ ಹತ್ತಿರ ಪರೀಕ್ಷೆ ಮಾಡಿಸಿ. ನಿಮ್ಮ ಅಮ್ಮ, ಅಕ್ಕ-ತಂಗಿಯರಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ ಮ್ಯಾಮೊಗ್ರಾಂ (ಸ್ತನದ ಎಕ್ಸ್‌ರೇ) ಮಾತನ್ನು ನೀವೇ ಎತ್ತಿ. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ‘ಸುಸ್ತು ಹೆಂಗಸರಿಗೆ ಇದ್ದದ್ದೇ’ ಅಂತ ಬಿಡಬೇಡಿ. ಬಸಿರಿದ್ದಾಗ ಶುಗರ್ ಬಂದಿತ್ತಾ? ಬಂದಿದ್ದರೆ ಈಗ ಪ್ರತಿ ವರ್ಷ ಶುಗರ್ ನೋಡಿಸಬೇಕು.

ಅತ್ತೆಗೆ ರಕ್ತದ ಪಟ್ಟಿಗಿಂತ ಕಣ್ಣು, ಕಿವಿ, ನಡಿಗೆ ಮುಖ್ಯ. ಪೊರೆ ಬಂದ ಕಣ್ಣಿನಲ್ಲಿ, ಪಾಚಿ ಕಟ್ಟಿದ ಮಳೆಗಾಲದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವುದು ಕಷ್ಟ. ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತಾಗ ಒಮ್ಮೆ ನೋಡಲು ಹೇಳಿ. ನಿಂತಾಗ ತೀರಾ ಇಳಿದರೆ ತಲೆ ಸುತ್ತಿ ಬೀಳುವ ಅಪಾಯ. ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ. 65 ದಾಟಿದ ಹೆಂಗಸರಿಗೆ ಮೂಳೆ ಸಾಂದ್ರತೆಯ ಸ್ಕ್ಯಾನ್ ಒಮ್ಮೆ ಮಾಡಿಸುವುದು ಒಳ್ಳೆಯದು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಕಂಡಿದೆಯಾ ಅಂತ ಮೆಲ್ಲಗೆ ಕೇಳಿ. ಸೊಸೆ ಕೇಳದಿದ್ದರೆ ಅವರಾಗೇ ಹೇಳುವುದಿಲ್ಲ. ಕಂಡಿದ್ದರೆ ತಕ್ಷಣ ಕರೆದುಕೊಂಡು ಹೋಗಿ.

ಮಗಳಿಗೆ ಪ್ಯಾಕೇಜ್ ಬೇಡವೇ ಬೇಡ. ಹಿಮೋಗ್ಲೋಬಿನ್, ಎತ್ತರ-ತೂಕ, ಕಣ್ಣು, ಹಲ್ಲು, ಇಷ್ಟೇ. ಆ ದುಡ್ಡಿನಲ್ಲಿ ಎಚ್‌ಪಿವಿ ಲಸಿಕೆ ಹಾಕಿಸಿ. 9ರಿಂದ 14 ವರ್ಷದೊಳಗೆ ಹಾಕಿಸಿದರೆ ಎರಡು ಡೋಸ್ ಸಾಕು, 15 ದಾಟಿದರೆ ಸಾಮಾನ್ಯವಾಗಿ ಮೂರು ಹೇಳುತ್ತಾರೆ. ನಮ್ಮ ದೇಶದಲ್ಲೇ ತಯಾರಾಗುವ ಸೆರ್ವಾವ್ಯಾಕ್ ಸಿಗುತ್ತದೆ. ನಿಮಗೆ ಐದು ವರ್ಷಕ್ಕೊಮ್ಮೆ ನೋಡಿಸಬೇಕು ಅಂದೆನಲ್ಲ, ಅದೇ ಕ್ಯಾನ್ಸರನ್ನು ಅವಳಿಗೆ ಬಹುಮಟ್ಟಿಗೆ ಬಾರದ ಹಾಗೆ ತಡೆಯುವ ಲಸಿಕೆ ಇದು.

ಎಲ್ಲಿ ಮಾಡಿಸುವುದು? 30 ದಾಟಿದವರಿಗೆ ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠ, ಈ ಐದರ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ, ಉಚಿತ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಬೋರ್ಡ್ ಇರುವ ಉಪಕೇಂದ್ರ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾವ ದಿನ ನೋಡುತ್ತಾರೆ ಅಂತ ಅವರಿಗೆ ಗೊತ್ತಿರುತ್ತದೆ. ಏನಾದರೂ ಅನುಮಾನ ಬಂದರೆ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಬೇಕಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಕಳಿಸುತ್ತಾರೆ.

ಪ್ರಶ್ನೆ: ನನಗೆ 29. ಅಪ್ಪನಿಗೆ 52ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆಯಿತು. ನಾನು ಈಗಲೇ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಟೆಸ್ಟ್) ಮಾಡಿಸಬೇಕಾ? ನನಗೆ ಎದೆನೋವು, ಉಸಿರುಗಟ್ಟುವುದು ಏನೂ ಇಲ್ಲ.
— ಓದುಗ, ಶಿವಮೊಗ್ಗ

ಉತ್ತರ: ಟಿಎಂಟಿ ಬೇಡ. ಯಾವ ಲಕ್ಷಣವೂ ಇಲ್ಲದ 29ರ ಯುವಕನಿಗೆ ಅದು ಸುಳ್ಳು ಗಾಬರಿ ಹುಟ್ಟಿಸುವುದೇ ಜಾಸ್ತಿ. ಸರಿ ಬಂದರೂ ಮುಂದೆ ಅಟ್ಯಾಕ್ ಆಗುವುದಿಲ್ಲ ಅನ್ನುವ ಖಾತರಿ ಇಲ್ಲ.

ಆದರೆ ನಿಮ್ಮ ಚಿಂತೆಯಲ್ಲಿ ಹುರುಳಿದೆ. ಅಪ್ಪ ಅಥವಾ ಅಣ್ಣ-ತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕ-ತಂಗಿಯರಿಗೆ 65ರ ಒಳಗೆ ಹೃದಯದ ಕಾಯಿಲೆ ಬಂದರೆ ಅದನ್ನು ನಾವು ಮನೆತನದ ಅಪಾಯ ಅಂತ ಲೆಕ್ಕ ಹಾಕುತ್ತೇವೆ. ನೀವು 40 ಆಗುವವರೆಗೆ ಕಾಯದೆ ಈಗಲೇ ಕೊಲೆಸ್ಟ್ರಾಲ್, ಬಿಪಿ, ಶುಗರ್ ನೋಡಿಸಿ. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ವಂಶದಿಂದಲೇ ಬಂದಿರಬಹುದು. ಆಗ ನಿಮ್ಮ ಒಡಹುಟ್ಟಿದವರೂ ನೋಡಿಸಬೇಕು. ಇದರ ಜೊತೆ, ಹೃದಯದ ಅಪಾಯ ಹೆಚ್ಚಿಸುವ ಒಂದು ಬಗೆಯ ಕೊಬ್ಬನ್ನು ಅಳೆಯುವ ಲೈಪೊಪ್ರೋಟೀನ್-ಎ ಅನ್ನುವ ಟೆಸ್ಟನ್ನು ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಅದರ ಮಟ್ಟ ಹೆಚ್ಚುಕಡಿಮೆ ಹುಟ್ಟಿನಿಂದ ಬಂದದ್ದು, ಮತ್ತೆ ಮತ್ತೆ ನೋಡುವ ಅಗತ್ಯ ಇಲ್ಲ. ಸಾಮಾನ್ಯ ಪ್ಯಾಕೇಜುಗಳಲ್ಲಿ ಇದು ಇರುವುದು ಕಡಿಮೆ, ಕೇಳಿ ಮಾಡಿಸಬೇಕು. ಸಿಗರೇಟು ಸೇದುತ್ತೀರಾ? ನೀವು ಬರೆದಿಲ್ಲ. ಸೇದುತ್ತಿದ್ದರೆ ಬಿಡುವುದು ಈ ಎಲ್ಲ ಟೆಸ್ಟಿಗಿಂತ ಮೇಲು.

ಪ್ರಶ್ನೆ: ನಮ್ಮ ಊರಿಂದ ಲ್ಯಾಬ್‌ಗೆ ಬಸ್ಸಿನಲ್ಲಿ ಹೋಗುವಾಗ ಹನ್ನೊಂದು ಗಂಟೆ ಆಗುತ್ತದೆ. ಅಲ್ಲಿವರೆಗೆ ಕಾಫಿ ಇಲ್ಲದೆ ಇರಲು ಆಗುವುದಿಲ್ಲ. ಬಿಪಿ ಬೇರೆ ಅಲ್ಲಿಗೆ ಹೋದಾಗಲೆಲ್ಲ ಜಾಸ್ತಿ ತೋರಿಸುತ್ತದೆ. ಏನು ಮಾಡಲಿ?
— ಓದುಗರು, ಹೊಸನಗರ ತಾಲ್ಲೂಕು

ಉತ್ತರ: ಖಾಲಿ ಹೊಟ್ಟೆ ಅಂದರೆ ನೀರೂ ಕುಡಿಯಬಾರದು ಅಂತಲ್ಲ. ನೀರು ಧಾರಾಳವಾಗಿ ಕುಡಿಯಿರಿ, ಹಾಲು-ಸಕ್ಕರೆಯ ಕಾಫಿ ಮಾತ್ರ ಬೇಡ. ಅದೂ ಕಷ್ಟವಾದರೆ ಎಚ್‌ಬಿಎ1ಸಿ ಅಂತ ಕೇಳಿ. ಸುಮಾರು ಮೂರು ತಿಂಗಳ ಶುಗರಿನ ಸರಾಸರಿ ಅದರಲ್ಲಿ ಗೊತ್ತಾಗುತ್ತದೆ, ತಿಂಡಿ ತಿಂದೇ ಹೋಗಬಹುದು. 6.5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಡಯಾಬಿಟಿಸ್, 5.7ರಿಂದ 6.4 ಇದ್ದರೆ ಅಂಚಿನಲ್ಲಿದ್ದೀರಿ ಅಂತ. ರಕ್ತಹೀನತೆ ಇದ್ದವರಲ್ಲಿ ಈ ಅಂಕಿ ತಪ್ಪು ತೋರಿಸಬಹುದು, ಹಾಗಾಗಿ ಹಿಮೋಗ್ಲೋಬಿನ್ ಕೂಡ ಜೊತೆಗೆ ನೋಡಿಸಿ. ಮೊದಲ ಸಲದ ಕೊಲೆಸ್ಟ್ರಾಲ್ ಪರೀಕ್ಷೆಗೂ ಉಪವಾಸ ಕಡ್ಡಾಯವೇನಲ್ಲ.

ಬಿಪಿ ವಿಷಯ: ಬಸ್ ಇಳಿದು, ಏರು ಹತ್ತಿ, ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತ ಕೂಡಲೇ ಪಟ್ಟಿ ಕಟ್ಟಿದರೆ ಯಾರಿಗಾದರೂ ಏರುತ್ತದೆ, ಅಲ್ವಾ? ಬೆನ್ನಿಗೆ ಆಸರೆ ಕೊಟ್ಟು, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ನೆ ಕೂತುಕೊಳ್ಳಿ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ, ಕವಳ ಬೇಡ. ಸ್ವೆಟರ್ ತೋಳಿನ ಮೇಲೆ ಪಟ್ಟಿ ಕಟ್ಟಿಸಿಕೊಳ್ಳಬೇಡಿ. ಎರಡು ಸಲ ನೋಡಲಿ. ಆಮೇಲೂ ಬೇರೆ ಬೇರೆ ದಿನ 140/90 ಅಥವಾ ಅದರ ಮೇಲೆ ಬಂದರೆ ಅದು ಬಸ್ಸಿನ ತಪ್ಪಲ್ಲ, ಬಿಪಿಯೇ.

ಪ್ರಶ್ನೆ: ದರಕಿಗೆ, ಸೌದೆಗೆ ಕಾಡಿಗೆ ಹೋಗುತ್ತೇವೆ. ಮಂಗನ ಕಾಯಿಲೆಯ ಟೆಸ್ಟನ್ನು ವರ್ಷಕ್ಕೊಮ್ಮೆ ಮಾಡಿಸಬೇಕಾ?
— ಓದುಗರು, ಸೊರಬ ತಾಲ್ಲೂಕು

ಉತ್ತರ: ಬೇಡ. 1957ರಲ್ಲಿ ನಿಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲೇ ಮೊದಲು ಗುರುತಿಸಿದ ಕಾಯಿಲೆ ಇದು. ಆರೋಗ್ಯವಾಗಿರುವವರಿಗೆ ಇದರ ಟೆಸ್ಟಿನಿಂದ ಉಪಯೋಗ ಇಲ್ಲ, ಜ್ವರ ಬಂದಾಗ ಮಾಡುವ ಟೆಸ್ಟ್ ಅದು. ಡಿಸೆಂಬರ್‌ನಿಂದ ಮೇವರೆಗೆ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲೇ ಒಗೆಯಿರಿ, ಈ ಕಾಯಿಲೆ ಹರಡುವ ಉಣುಗು (ಉಣ್ಣೆ) ಕಚ್ಚಿದೆಯಾ ನೋಡಿಕೊಳ್ಳಿ. ಕಾಡಿಗೆ ಹೋಗಿ ಬಂದ ವಾರ-ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಬೇಡಿ, ಕೆಲವು ಮಾತ್ರೆಗಳಿಂದ ರಕ್ತಸ್ರಾವ ಜಾಸ್ತಿಯಾಗಬಹುದು. ಅವತ್ತೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ನೀವಾಗೇ ಹೇಳಿ. ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಿಳಿಸಿ.