ಕರಿಯನಿಗೆ ಜೊತೆ ಬೇಕಾ, ನಿಮಗೆ ಇನ್ನೊಂದು ನಾಯಿ ಬೇಕಾ?

ಪ್ರಶ್ನೆ: ನನಗೆ 44 ವರ್ಷ. ಮನೆಯಲ್ಲಿ ನಾನು, ನನ್ನ ಗಂಡ, 14 ವರ್ಷದ ಮಗಳು ಮತ್ತು ನಮ್ಮ ನಾಯಿ ಕರಿಯ. ಅವನಿಗೀಗ 9 ವರ್ಷ. ಇಷ್ಟು ವರ್ಷ ನಾನು ಮನೆಯಲ್ಲೇ ಇದ್ದೆ. ಕೆಲವು ತಿಂಗಳಿಂದ ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಅವನೊಬ್ಬನೇ ಇರುತ್ತಾನೆ. ಊಳಿಡುತ್ತಾನೆ ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಮೊದಲಿನ ಹಾಗೆ ಆಡುವುದಿಲ್ಲ, ಸೋಫಾ ಹತ್ತುವುದಿಲ್ಲ, ಮಂಕಾಗಿದ್ದಾನೆ. ನನ್ನ ಗಂಡನ ಸಹೋದ್ಯೋಗಿಯ ಮನೆಯಲ್ಲಿ ನಾಯಿ ಮರಿ ಹಾಕಿದೆ. ಮರಿಗಳಿಗೆ ಐದು ವಾರ. ‘ಒಂದು ತರೋಣ. ಕರಿಯನಿಗೂ ಜೊತೆಯಾಗುತ್ತೆ. ಮುಂದೆ ಅವನಿಗೇನಾದರೂ ಆದರೆ ಮನೆ ಖಾಲಿ ಅನ್ನಿಸಲ್ಲ’ ಅನ್ನುತ್ತಾರೆ ಇವರು. ಮಗಳೂ ಅಪ್ಪನ ಕಡೆಯೇ. ಉಚ್ಚೆ ಒರೆಸೋದು, ಊಟ ಹಾಕೋದು, ಡಾಕ್ಟರ್ ಹತ್ತಿರ ಓಡೋದು ಎಲ್ಲಾ ನನ್ನ ತಲೆ ಮೇಲೇ ಬರುತ್ತೆ ಅಂತ ಗೊತ್ತು. ಅದಕ್ಕಿಂತ ಜಾಸ್ತಿ, ಕರಿಯ ಇರುವಾಗಲೇ ಇನ್ನೊಂದನ್ನು ತಂದರೆ ಅವನಿಗೆ ಮೋಸ ಮಾಡಿದ ಹಾಗೆ ಅನ್ನಿಸುತ್ತೆ. ಬೇಡ ಅಂದರೆ ನಾನೇ ಕೆಟ್ಟವಳು. ಏನು ಮಾಡಲಿ?
– ಹೆಸರು ಬೇಡ

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಆ ಮರಿಯನ್ನು ಈಗ ತರಬೇಡಿ. ಇನ್ನೊಂದು ನಾಯಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ಈಗ, ಈ ಮರಿ, ಈ ಕಾರಣಕ್ಕೆ ಬೇಡ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಮನೆಯಲ್ಲಿ ಮಾತಾಡುವಾಗ ನಿಮಗೆ ಉಪಯೋಗಕ್ಕೆ ಬರಬಹುದು.

ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಸೋಫಾದ ಹತ್ತಿರ. ಒಂಬತ್ತು ವರ್ಷದ ನಾಯಿ ಸೋಫಾ ಹತ್ತುವುದನ್ನು ಬಿಟ್ಟಿದೆ ಅಂದರೆ ಬೇಜಾರೇ ಕಾರಣ ಇರಬೇಕಿಲ್ಲ. ನೋವಿರಬಹುದು. ನಾಯಿಗಳು ಕೀಲು ನೋವಿಗೆ ಅಳುವುದು, ಕುಂಯ್ಗುಡುವುದು ಕಡಿಮೆ. ಸುಮ್ಮನಾಗುತ್ತವೆ, ಜಾಸ್ತಿ ಮಲಗುತ್ತವೆ, ಆಟ ಬಿಡುತ್ತವೆ. ನಾವು ‘ವಯಸ್ಸಾಯ್ತು’ ಅಂದುಕೊಂಡು ಬಿಟ್ಟುಬಿಡುತ್ತೇವೆ.

ನಾಳೆ ಬೆಳಿಗ್ಗೆ ಅವನು ಮಲಗಿದಲ್ಲಿಂದ ಏಳುವುದನ್ನು ಸ್ವಲ್ಪ ಗಮನಿಸಿ. ಮುಂಗಾಲು ಊರಿ ಎದೆ ಎತ್ತಿದ ಮೇಲೆ, ಸೊಂಟ ಎತ್ತಲು ಒಂದು ಗಳಿಗೆ ತಡವರಿಸುತ್ತಾನಾ? ಮೊದಲ ನಾಲ್ಕು ಹೆಜ್ಜೆ ಬಿಗಿಯಾಗಿ ಇಟ್ಟು ಆಮೇಲೆ ಸರಿಹೋಗುತ್ತಾನಾ? ಸೋಫಾ ಮುಂದೆ ಬಂದು, ಹಾರಲು ಮೈ ಕುಗ್ಗಿಸಿ, ಮತ್ತೆ ಗಲ್ಲ ಮಾತ್ರ ಮೇಲಿಟ್ಟು ನಿಂತುಬಿಡುತ್ತಾನಾ? ಒಂದೇ ಕೀಲನ್ನು ಮತ್ತೆ ಮತ್ತೆ ನೆಕ್ಕಿಕೊಳ್ಳುತ್ತಾನಾ? ಇದನ್ನೆಲ್ಲ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಪಶುವೈದ್ಯರ ಹತ್ತಿರ ಹೋದಾಗ ಗಾಬರಿಗೋ ಉತ್ಸಾಹಕ್ಕೋ ನಾಯಿಗಳು ಏನೂ ಆಗಿಲ್ಲವೆಂಬಂತೆ ನಡೆದುಬಿಡುತ್ತವೆ. ಮನೆಯಲ್ಲಿ ತೆಗೆದ ವಿಡಿಯೊ ಅವರಿಗೆ ಎಷ್ಟೋ ಹೇಳುತ್ತದೆ. ಈ ವಯಸ್ಸಿಗೆ ಒಮ್ಮೆ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಥೈರಾಯ್ಡ್, ಕಿಡ್ನಿ ತೊಂದರೆಗಳಿಗೂ ನಾಯಿ ಮಂಕಾಗುತ್ತದೆ. ಅಲ್ಲಿಯವರೆಗೆ ಮನುಷ್ಯರ ನೋವಿನ ಮಾತ್ರೆ ಒಂದು ಚೂರೂ ಕೊಡಬೇಡಿ. ಐಬುಪ್ರೊಫೆನ್ ನಾಯಿಗೆ ವಿಷ. ಪ್ಯಾರಾಸಿಟಮಾಲನ್ನೂ ವೈದ್ಯರು ಹೇಳದೆ ಕೊಡುವ ಹಾಗಿಲ್ಲ.

ಅವನಿಗೆ ನಿಜವಾಗಿ ನೋವಿದ್ದರೆ, ಆಗ ಮನೆಗೆ ಮರಿ ಬಂದರೆ ಏನಾಗುತ್ತದೆ ಯೋಚಿಸಿ. ಎರಡು ತಿಂಗಳ ಮರಿಗೆ ಸೂಜಿಯಂಥ ಹಾಲುಹಲ್ಲು. ಅದು ದೊಡ್ಡ ನಾಯಿಯ ಕಿವಿಗೆ, ಬಾಲಕ್ಕೆ, ಹಿಂಗಾಲಿಗೆ ಜೋತು ಬೀಳುತ್ತದೆ. ಮಂಡಿ ನೋವಿನ ತಾತನ ತೊಡೆ ಮೇಲೆ ದಿನವಿಡೀ ಮಗು ಕುಣಿದ ಹಾಗೆ. ಕರಿಯ ಒಳ್ಳೆಯವನೇ ಇರಬಹುದು. ಆದರೂ ಒಂದು ದಿನ ಕಚ್ಚಿಯಾನು. ಆಗ ಬೈಸಿಕೊಳ್ಳುವವನೂ ಅವನೇ.

ಇನ್ನು ಊಳಿಡುವ ವಿಚಾರ. ಇದನ್ನು ಊಹೆಗೆ ಬಿಡಬೇಡಿ. ಹಳೆಯ ಫೋನ್ ಇದ್ದರೆ ಬಾಗಿಲಿನ ಕಡೆ ಮುಖ ಮಾಡಿಟ್ಟು ರೆಕಾರ್ಡ್ ಹಾಕಿ ಹೋಗಿ. ಮೊದಲ ಅರ್ಧ ಗಂಟೆ ನೋಡಿದರೆ ಬಹಳಷ್ಟು ಗೊತ್ತಾಗುತ್ತದೆ. ನೀವು ಬಾಗಿಲು ಹಾಕಿದ ಕೆಲವೇ ನಿಮಿಷದಲ್ಲಿ ಏದುಸಿರು ಬಿಡುತ್ತಾ ಅತ್ತಿಂದಿತ್ತ ಓಡಾಡಿ, ಬಾಗಿಲು ಕೆರೆದು, ಜೊಲ್ಲು ಸುರಿಸಿ ಊಳಿಟ್ಟರೆ ಅದು ಅಗಲಿಕೆಯ ಭಯ. ಎರಡು ಗಂಟೆ ಮಲಗಿ ಎದ್ದು, ಹೊರಗೆ ಏನೋ ಸದ್ದಾಯ್ತು ಅಂತ ಕೂಗಿ ಮತ್ತೆ ಮಲಗಿದರೆ ಅದು ಬರೀ ಬೇಜಾರು. ಎರಡಕ್ಕೂ ಮದ್ದು ಬೇರೆ ಬೇರೆ.

ಅಗಲಿಕೆಯ ಭಯ ಇರುವ ನಾಯಿಗೆ ಬೇಕಾಗಿರುವುದು ಮನುಷ್ಯರು. ಅದರಲ್ಲೂ ಸಾಮಾನ್ಯವಾಗಿ ಒಬ್ಬರು. ನಿಮ್ಮ ಮನೆಯಲ್ಲಿ ಅದು ನೀವೇ ಇರಬೇಕು ಅಂತ ನನ್ನ ಅಂದಾಜು. ವರ್ಷಗಟ್ಟಲೆ ಇಡೀ ದಿನ ಜೊತೆಗಿದ್ದವರು ಒಮ್ಮೆಲೇ ಎಂಟು ಗಂಟೆ ಕಾಣೆಯಾದರೆ, ಆ ಜಾಗವನ್ನು ಇನ್ನೊಂದು ನಾಯಿ ತುಂಬುವುದು ಅಪರೂಪ. ಎಷ್ಟೋ ಮನೆಗಳಲ್ಲಿ ಎರಡನೆಯದು ಬಂದ ಮೇಲೂ ಮೊದಲನೆಯದು ಬಾಗಿಲ ಹತ್ತಿರವೇ ಕೂತಿರುತ್ತದೆ. ಕೆಲವು ಕಡೆ ಎರಡನೆಯದೂ ಜೊತೆಗೆ ಕೂಗಲು ಕಲಿಯುತ್ತದೆ.

ಇದಕ್ಕೆ ದಾರಿ ಬೇರೆ ಇದೆ, ಸ್ವಲ್ಪ ನಿಧಾನದ ದಾರಿ. ಬೀಗದ ಕೈ ತಗೊಂಡು ಹೊರಗೆ ಹೋಗದೆ ಮತ್ತೆ ಕೂತುಬಿಡಿ. ಚಪ್ಪಲಿ ಹಾಕಿಕೊಂಡು ಮನೆಯಲ್ಲೇ ಓಡಾಡಿ. ಬಾಗಿಲಾಚೆ ಕೆಲವು ಸೆಕೆಂಡ್ ನಿಂತು ಒಳಗೆ ಬನ್ನಿ. ಅವನು ಗಾಬರಿಯಾಗದೆ ಇದ್ದರೆ ಮಾತ್ರ ನಿಮಿಷ, ಐದು ನಿಮಿಷ ಅಂತ ಹೆಚ್ಚಿಸುತ್ತಾ ಹೋಗಿ. ಈ ಕಲಿಕೆ ನಡೆಯುವಷ್ಟು ದಿನ ಅವನನ್ನು ಎಂಟು ಗಂಟೆ ಪೂರ್ತಿ ಒಂಟಿಯಾಗಿ ಬಿಡದೆ ಇರಲು ಏನಾದರೂ ವ್ಯವಸ್ಥೆ ಮಾಡಿಕೊಳ್ಳಿ. ಪರಿಚಯದವರು ಯಾರಾದರೂ ಬಂದು ಕೂತರೂ ಆಯ್ತು. ಭಯ ತುಂಬಾ ಇದ್ದರೆ ಔಷಧಿಯೂ ಇದೆ, ವೈದ್ಯರನ್ನು ಕೇಳಿ.

ಬರೀ ಬೇಜಾರಾದರೆ ಇಷ್ಟು ಕಷ್ಟವಿಲ್ಲ. ಬೆಳಿಗ್ಗೆ ಅವನನ್ನು ಎಳೆದುಕೊಂಡು ಹೋಗದೆ, ಅವನು ನಿಂತಲ್ಲಿ ನಿಂತು, ಮೂಸಿದಷ್ಟೂ ಮೂಸಲು ಬಿಟ್ಟು ಅರ್ಧ ಗಂಟೆ ಸುತ್ತಾಡಿಸಿ. ಅವನ ಊಟದಲ್ಲಿ ಸ್ವಲ್ಪ ಒಣ ಆಹಾರವನ್ನು ಹಳೇ ಟವೆಲಿನಲ್ಲಿ ಸುತ್ತಿಟ್ಟು ಹೋಗಿ, ಹುಡುಕಿ ತಿನ್ನಲಿ. ಮಧ್ಯಾಹ್ನ ಯಾರಾದರೂ ಒಮ್ಮೆ ಬಂದು ಹೊರಗೆ ಕರೆದೊಯ್ದರೆ ಇನ್ನೂ ಒಳ್ಳೆಯದು.

ಈಗ ಆ ಮರಿಯ ಕಡೆಯಿಂದಲೂ ನೋಡೋಣ. ಅದರ ಬಗ್ಗೆ ಯಾರೂ ಯೋಚಿಸಿದ ಹಾಗೆ ಕಾಣಲಿಲ್ಲ. ಎಂಟು ವಾರಕ್ಕೆ ಮುಂಚೆ ಮರಿಯನ್ನು ತಾಯಿಯಿಂದ ಬಿಡಿಸಬಾರದು. ಎರಡು ತಿಂಗಳ ಮರಿ ಉಚ್ಚೆ ತಡೆದುಕೊಳ್ಳುವುದು ಎರಡು, ಹೆಚ್ಚೆಂದರೆ ಮೂರು ಗಂಟೆ. ದಿನಕ್ಕೆ ಮೂರು ನಾಲ್ಕು ಸಲ ಊಟ. 16 ವಾರದವರೆಗೆ ಕೆಲವು ವಾರಕ್ಕೊಮ್ಮೆ ಲಸಿಕೆ. ಅದು ಮುಗಿಯುವ ತನಕ ಪಾರ್ವೊ ಅನ್ನುವ, ಮರಿಗಳ ಜೀವ ತೆಗೆಯಬಲ್ಲ ವಾಂತಿಭೇದಿ ರೋಗದ ಹೆದರಿಕೆ. ಹೊಸ ಜನ, ಹೊಸ ಸದ್ದು, ಹೊಸ ಜಾಗಕ್ಕೆ ಹೆದರದೆ ಒಗ್ಗಿಕೊಳ್ಳುವ ವಯಸ್ಸು ಸುಮಾರು ಮೂರರಿಂದ 14 ವಾರ. ಆ ದಿನಗಳನ್ನು ಬೀಗ ಹಾಕಿದ ಮನೆಯಲ್ಲಿ ಕಳೆದ ಮರಿ ಮುಂದೆ ಪುಕ್ಕಲು ನಾಯಿಯಾಗುವ ಸಾಧ್ಯತೆ ಜಾಸ್ತಿ. ಎಂಟು ಗಂಟೆ ಯಾರೂ ಇಲ್ಲದ ಮನೆಗೆ ಅದನ್ನು ತಂದರೆ, ಒಂಟಿ ಜೀವ ಒಂದರ ಬದಲು ಎರಡಾಗುತ್ತದೆ.

ಕೆಲಸ ಯಾರ ತಲೆ ಮೇಲೆ ಬರುತ್ತದೆ ಅನ್ನುವುದನ್ನು ನೀವು ಒಂದು ಸಾಲಿನಲ್ಲಿ ಹೇಳಿ, ‘ಅದಕ್ಕಿಂತ ಜಾಸ್ತಿ’ ಅಂತ ಮುಂದೆ ಹೋಗಿಬಿಟ್ಟಿರಿ. ಅದು ಸಣ್ಣ ಮಾತಲ್ಲ. ಮತ್ತೆ ಕೆಲಸಕ್ಕೆ ಸೇರಿ ಕೆಲವೇ ತಿಂಗಳಾಗಿದೆ. ಮರಿ ಬಂದರೆ ಮೊದಲ ರಜೆ ಹಾಕುವವರು ಯಾರು? ರಾತ್ರಿ ಎರಡು ಗಂಟೆಗೆ ಎದ್ದು ಹೊರಗೆ ಕರೆದೊಯ್ಯುವವರು ಯಾರು? ಈ ಪ್ರಶ್ನೆಗೆ ಮನೆಯಲ್ಲಿ ಎಲ್ಲರಿಗೂ ಉತ್ತರ ಗೊತ್ತು, ಅಲ್ವಾ? ‘ನನಗೆ ಇದನ್ನು ಮಾಡಲು ಆಗುವುದಿಲ್ಲ’ ಅಂತ ಹೇಳುವುದಕ್ಕೆ ಕರಿಯನ ಮೇಲಿನ ಪ್ರೀತಿಯನ್ನು ಕಾರಣ ಕೊಡಬೇಕಾಗಿಲ್ಲ. ನಿಮ್ಮ ದಣಿವೇ ಸಾಕಷ್ಟು ದೊಡ್ಡ ಕಾರಣ. ಅದನ್ನು ಹೇಳಿದರೆ ನೀವು ಕೆಟ್ಟವರಾಗುವುದಿಲ್ಲ.

ಅದಕ್ಕೆ ಒಂದು ಕೆಲಸ ಮಾಡಿ. ಒಂದು ತಿಂಗಳು ಕರಿಯನ ಎಲ್ಲಾ ಕೆಲಸವನ್ನೂ ಅಪ್ಪ ಮಗಳೇ ನೋಡಿಕೊಳ್ಳಲಿ. ಬೆಳಗಿನ ಸುತ್ತಾಟ, ಊಟ, ಮೈ ಬಾಚುವುದು, ಡಾಕ್ಟರ್, ಎಲ್ಲ. ನೀವು ನೆನಪಿಸಲೂ ಹೋಗಬೇಡಿ. ನೆನಪಿಸುವುದೂ ಒಂದು ಕೆಲಸವೇ. ತಿಂಗಳು ಮುಗಿದ ಮೇಲೆ ಮಾತಾಡಿ. ಮಗಳ ಆಸೆ ನಿಜವಾದದ್ದೇ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅವಳು ನಾಲ್ಕೈದು ವರ್ಷದಲ್ಲಿ ಓದಲೆಂದು ಮನೆ ಬಿಡಬಹುದು. ನಾಯಿ ಬದುಕುವುದು ಹತ್ತು, ಹದಿಮೂರು ವರ್ಷ. ಹಾಗಾಗಿ ಹೊಣೆ ದೊಡ್ಡವರದ್ದೇ.

ನಿಮ್ಮ ಗಂಡನ ಮಾತಿಗೆ ಬರುತ್ತೇನೆ. ‘ಅವನಿಗೇನಾದರೂ ಆದರೆ’ ಅಂತ ಅವರು ಅಂದದ್ದು ನಿಮಗೆ ಚುಚ್ಚಿದೆ. ನನಗೆ ಆ ಮಾತಿನಲ್ಲಿ ಕೇಳಿಸಿದ್ದು ಭಯ. ಕರಿಯನ ಮೂತಿಯ ಮೇಲೆ ಬಿಳಿ ಕೂದಲು ಬಂದಿರುವುದು ಅವರಿಗೂ ಕಂಡಿದೆ. ಆ ದಿನವನ್ನು ಎದುರಿಸುವುದು ಹೇಗೆ ಅಂತ ಈಗಲೇ ದಾರಿ ಹುಡುಕುತ್ತಿದ್ದಾರೆ. ಹಾಗಾಗಿ ‘ಮರಿ ಬೇಡ’ ಅಂತ ವಾದಕ್ಕೆ ನಿಲ್ಲುವ ಮೊದಲು ಒಮ್ಮೆ ಕೇಳಿ ನೋಡಿ: ‘ಕರಿಯನಿಗೆ ವಯಸ್ಸಾಯ್ತು ಅಂತ ನಿಮಗೆ ಭಯ ಆಗ್ತಿದೆಯಾ?’ ಆಮೇಲೆ ನಡೆಯುವ ಮಾತೇ ಬೇರೆ. ಮನೆಯಲ್ಲಿ ಇನ್ನೊಂದು ನಾಯಿ ಇದ್ದರೂ ಕರಿಯ ಹೋದ ದಿನ ದುಃಖ ಅಷ್ಟೇ ಇರುತ್ತದೆ. ಸರಿಯಾಗಿ ನೋಡಿಕೊಂಡರೆ ಅವನು ಇನ್ನೂ ಹಲವು ವರ್ಷ ಇರಬಹುದು ಅನ್ನುವುದನ್ನೂ ಹೇಳಿ.

ಇನ್ನು, ಕರಿಯನಿಗೆ ಮೋಸ ಮಾಡಿದ ಹಾಗೆ ಅನ್ನುವ ಮಾತು. ಇದನ್ನು ಮನಸ್ಸಿನಿಂದ ತೆಗೆದುಹಾಕಿ. ನಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಂದರು ಅಂತ ನಾಯಿ ಲೆಕ್ಕ ಹಾಕುವುದಿಲ್ಲ. ಸಂಜೆ ನೀವು ಬಂದಾಗ ಮೊದಲು ಯಾರನ್ನು ಮುಟ್ಟುತ್ತೀರಿ, ಅವನು ಮಲಗುವ ಜಾಗ ಅವನಿಗೇ ಇದೆಯಾ, ಬಟ್ಟಲಿಗೆ ಯಾರಾದರೂ ಬಾಯಿ ಹಾಕುತ್ತಾರಾ, ಸುತ್ತಾಟ ತಪ್ಪಿತಾ ಅನ್ನುವುದು ಅವನಿಗೆ ಮುಖ್ಯ. ಅದರಲ್ಲಿ ಒಂದೂ ಕಡಿಮೆಯಾಗದಿದ್ದರೆ ಮೋಸವೆಲ್ಲಿ ಬಂತು?

ಕರಿಯ ಸುಧಾರಿಸಿ, ತಿಂಗಳ ಪರೀಕ್ಷೆಯಲ್ಲಿ ಅಪ್ಪ ಮಗಳು ಪಾಸಾಗಿ, ‘ನನಗೂ ಇನ್ನೊಂದು ನಾಯಿ ಬೇಕು’ ಅಂತ ನಿಮಗೇ ಅನ್ನಿಸಿದರೆ ಆಗ ತನ್ನಿ. ನಿಮಗೆ ಬೇಕು ಅನ್ನುವುದೊಂದೇ ಎರಡನೇ ನಾಯಿ ತರಲು ಗಟ್ಟಿಯಾದ ಕಾರಣ. ಆಗಲೂ ಮರಿಗಿಂತ ಮೂರ್ನಾಲ್ಕು ವರ್ಷದ, ಸ್ವಭಾವ ಗೊತ್ತಿರುವ ಶಾಂತ ನಾಯಿ ನಿಮ್ಮ ಮನೆಗೆ ಹೊಂದುತ್ತದೆ. ಗಂಡಿಗೆ ಹೆಣ್ಣು ಜೊತೆಯಾದರೆ ಜಗಳ ಸಾಮಾನ್ಯವಾಗಿ ಕಡಿಮೆ, ಆದರೆ ಸಂತಾನಹರಣ ಚಿಕಿತ್ಸೆ ಆಗಿರಲೇಬೇಕು. ನಾಯಿಗಳ ಆಶ್ರಯ ಕೇಂದ್ರಗಳು ಕೆಲವು ವಾರಗಳ ಮಟ್ಟಿಗೆ ಸಾಕಲು ಕೊಡುವುದುಂಟು. ಹಾಗೆ ತಂದು ನೋಡಿ, ಹೊಂದದಿದ್ದರೆ ಸಂಕೋಚವಿಲ್ಲದೆ ವಾಪಸ್ ಕೊಡಿ.

ಮೊದಲ ಭೇಟಿ ಮನೆಯಲ್ಲಿ ಬೇಡ. ಇಬ್ಬರಿಗೂ ಹೊಸದಾದ ಬಯಲಿನಲ್ಲಿ, ಒಬ್ಬೊಬ್ಬರು ಒಂದೊಂದು ನಾಯಿ ಹಿಡಿದು, ನಡುವೆ ಒಂದಷ್ಟು ಮಾರು ದೂರ ಬಿಟ್ಟು ಒಂದೇ ದಿಕ್ಕಿಗೆ ನಡೆಯಿರಿ. ಹಗ್ಗ ಬಿಗಿ ಹಿಡಿಯಬೇಡಿ, ಹಗ್ಗ ಬಿಗಿಯಾದರೆ ನಾಯಿಯೂ ಬಿಗಿಯಾಗುತ್ತದೆ. ನಿಧಾನಕ್ಕೆ ಹತ್ತಿರ ಬಂದು ಎರಡು ಮೂರು ಸೆಕೆಂಡ್ ಮೂಸಲು ಬಿಟ್ಟು, ಕರೆದು ಮತ್ತೆ ನಡೆಯಿರಿ. ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿದರೆ ಆಟಕ್ಕೆ ಕರೆಯುತ್ತಿದೆ ಅಂತ ಅರ್ಥ. ಮೈ ಮರಗಟ್ಟಿ, ಬಾಯಿ ಮುಚ್ಚಿ, ಕಣ್ಣು ಮಿಟುಕಿಸದೆ ನೋಡಿದರೆ ದೂರ ಸರಿಸಿ.

ಮನೆಗೆ ಬಂದ ಮೇಲೆ ಊಟ ಬೇರೆ ಬೇರೆ ಕೋಣೆಯಲ್ಲಿ. ಕರಿಯನ ಆಟಿಕೆ, ಮೂಳೆ ಎಲ್ಲ ಮೊದಲೇ ಎತ್ತಿಡಿ. ಅವನು ಗುರ್ ಅಂದರೆ ಬೈಯಬೇಡಿ. ‘ದೂರ ಹೋಗು’ ಅಂತ ಹೇಳಲು ಅವನಿಗಿರುವ ದಾರಿ ಅದು. ಅದನ್ನು ಬಾಯಿ ಮುಚ್ಚಿಸಿದರೆ ಮುಂದೊಂದು ದಿನ ಹೇಳದೆಯೇ ಕಚ್ಚುತ್ತಾನೆ. ನೀವು ಹೊರಗೆ ಹೋಗುವಾಗ ಮೊದಲ ಕೆಲವು ವಾರ ಇಬ್ಬರೂ ಬೇರೆ ಬೇರೆ ಕಡೆ ಇರಲಿ. ಪೂರ್ತಿ ಒಗ್ಗಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ.

ಸಹೋದ್ಯೋಗಿಗೆ ಈ ವಾರವೇ ‘ನಮಗೆ ಈಗ ಆಗುವುದಿಲ್ಲ’ ಅಂತ ನಿಮ್ಮ ಗಂಡ ಹೇಳಿಬಿಡಲಿ. ಮರಿಗೆ ಎಂಟು ವಾರ ತುಂಬಲು ಇನ್ನೂ ಮೂರು ವಾರ ಇದೆ, ಅಷ್ಟರಲ್ಲಿ ಅವರು ಅದಕ್ಕೆ ಬೇರೆ ಒಳ್ಳೆಯ ಮನೆ ಹುಡುಕಬಹುದು. ಕರಿಯನನ್ನು ಡಾಕ್ಟರಿಗೆ ತೋರಿಸಿದ ಮೇಲೆ ಏನು ಹೇಳಿದರು ಅಂತ ನನಗೊಂದು ಸಾಲು ಬರೆಯಿರಿ.